ಗೇಟಿನವರೆಗೆ ಹೋಗಿ ಇಳಿಯಿರಿ

ಕಾಸರಗೋಡಿನ ಪೆರ್ಲ ಕಡೆಯಿಂದ ಹೆಸರು ಹಾಕದೆ ಬಂದ ಪತ್ರವೊಂದನ್ನು ಓದಿ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಉಳಿದ ಪತ್ರಗಳಿಗೆ ಮುಂದಿನ ವಾರ ಉತ್ತರಿಸುತ್ತೇನೆ. ಬರೆದವರು ಮಧ್ಯವಯಸ್ಸಿನ ಗೃಹಿಣಿ, ಹಲವು ವರ್ಷ ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯಲ್ಲಿ ದುಡಿದವರು, ಎಂಡೋಸಲ್ಫಾನ್ ಕೀಟನಾಶಕದ ಬಾಧಿತರ ಪಿಂಚಣಿ ಅರ್ಜಿಗಳನ್ನು ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದವರು ಮತ್ತು 2025ರ ಡಿಸೆಂಬರ್ 13ರ ಮತ ಎಣಿಕೆಯಲ್ಲಿ ಗೆದ್ದು ತಮ್ಮ ವಾರ್ಡಿನ ಪಂಚಾಯತ್ ಸದಸ್ಯೆಯಾದವರು. ಎಣಿಕೆ ಕೇಂದ್ರದ ಹೊರಗೆ ಫಲಿತಾಂಶ ಕಿವಿಗೆ ಬಿದ್ದ ಕೂಡಲೇ ಅವರು ಪಕ್ಕದಲ್ಲಿದ್ದ ಗಂಡನನ್ನು ಅಪ್ಪಿಕೊಂಡರು, ಗಂಡ ಅವರ ಹಣೆಗೊಂದು ಮುತ್ತು ಕೊಟ್ಟರು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು, ಸಂಜೆಯೊಳಗೆ ಅದಕ್ಕೊಂದು ಸಿನಿಮಾ ಹಾಡು ಅಂಟಿಕೊಂಡಿತು, ವಾರ್ಡಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಸುತ್ತಿತು. ಈಗ ಅತ್ತೆ ಮುಖ ಕೊಟ್ಟು ಮಾತಾಡುವುದಿಲ್ಲ. ಪಕ್ಷದ ಹಿರಿಯರೊಬ್ಬರು, "ನಾಯಕರಾದವರು ಮನೆಯ ಪ್ರೀತಿಯನ್ನು ಮನೆಯಲ್ಲೇ ಇಟ್ಟು ಬರಬೇಕು, ಮುಂದಿನ ಸಭೆಯಲ್ಲಿ ಒಂದು ವಿಷಾದದ ಮಾತು ಹೇಳಿಬಿಡಿ" ಎಂದಿದ್ದಾರೆ. ತಾನು ಮಾಡಿದ್ದು ತಪ್ಪೇ, ವಿಷಾದ ಹೇಳಬೇಕೇ ಎಂಬುದು ಈ ತಾಯಿಯ ಪ್ರಶ್ನೆ.

ತಪ್ಪಲ್ಲ, ಹೇಳಬೇಡಿ. ಕೇಳಿದ ಪ್ರಶ್ನೆಗೆ ಇಷ್ಟು ಉತ್ತರ ಸಾಕು.

ಕೇಳದೆ ಬಿಟ್ಟ ಪ್ರಶ್ನೆಯೊಂದು ನಿಮ್ಮ ಪತ್ರದ ಕೊನೆಯ ಪುಟದಲ್ಲಿದೆ. ಅತ್ತೆಯ ಮೌನಕ್ಕೆ ಎರಡು ಪುಟ, ಪಕ್ಷದ ಹಿರಿಯರ ಮಾತಿಗೆ ಒಂದು ಪುಟ ಕೊಟ್ಟ ನೀವು ಅದಕ್ಕೆ ಒಂದೇ ವಾಕ್ಯ ಕೊಟ್ಟಿದ್ದೀರಿ: "ಈಗ ಇವರು ನನ್ನನ್ನು ಸ್ಕೂಟರಿನಲ್ಲಿ ಪಂಚಾಯತ್ ಕಚೇರಿಯವರೆಗೆ ಬಿಡುವುದಿಲ್ಲ, ಹಾಲಿನ ಸೊಸೈಟಿಯ ತಿರುವಿನಲ್ಲೇ ಇಳಿಸಿ ಹೋಗುತ್ತಾರೆ, ಅಲ್ಲಿಂದ ನಡೆದೇ ಹೋಗುತ್ತೇನೆ, ಅದೇನೂ ದೊಡ್ಡ ವಿಷಯವಲ್ಲ." ನನ್ನ ಮಟ್ಟಿಗೆ ಇಡೀ ಪತ್ರದಲ್ಲಿರುವ ದೊಡ್ಡ ವಿಷಯ ಅದೊಂದೇ. ಚುನಾವಣೆಯ ಸಮಯದಲ್ಲಿ ನಿಮ್ಮ ಜೊತೆ ಮನೆಮನೆ ಹತ್ತಿ ಇಳಿದ, ತೋಟದ ಕೆಲಸ ಬಿಟ್ಟು ಚೀಟಿ ಹಂಚಿದ ಮನುಷ್ಯ, ಚಾ ಅಂಗಡಿಯಲ್ಲಿ ನಾಲ್ಕು ಜನ ನಕ್ಕರೆಂದು ಹೆಂಡತಿಯನ್ನು ಕಚೇರಿಗಿಂತ ಅಷ್ಟು ದೂರದಲ್ಲಿ ಇಳಿಸಿ ಸ್ಕೂಟರ್ ತಿರುಗಿಸಿಕೊಂಡು ಹೋಗುತ್ತಾರೆ. ನೀವು ಕೈಯಲ್ಲಿ ಫೈಲು, ಹೆಗಲಿಗೆ ಚೀಲ ಹಾಕಿಕೊಂಡು ಬಿಸಿಲಿನಲ್ಲಿ ನಡೆದು ಹೋಗುವುದನ್ನು ಸೊಸೈಟಿಗೆ ಹಾಲು ತಂದವರೆಲ್ಲ ನೋಡುತ್ತಾರೆ. ಆ ವಿಡಿಯೋ ನೋಡಿ ನಕ್ಕವರಿಗೆ, ತಾವು ನಕ್ಕದ್ದು ಸರಿಯಾಗಿಯೇ ಇತ್ತು ಎಂಬ ಸಾಕ್ಷಿಯನ್ನು ನೀವಿಬ್ಬರೂ ಸೇರಿ ಪ್ರತಿದಿನ ಒದಗಿಸುತ್ತಿದ್ದೀರಿ.

ರಾಜಕೀಯದಲ್ಲಿರುವವರ ದಾಂಪತ್ಯವನ್ನು ಜನ ಎಲ್ಲ ಕಾಲದಲ್ಲೂ ಕಣ್ಣರಳಿಸಿ ನೋಡಿದ್ದಾರೆ. 2012ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಎರಡನೆಯ ಬಾರಿ ಗೆದ್ದ ರಾತ್ರಿ, ಹೆಂಡತಿ ಮಿಶೆಲ್ ಅವರನ್ನು ಅಪ್ಪಿಕೊಂಡ ಚಿತ್ರವೊಂದನ್ನು ಅವರ ಕಡೆಯವರು ಟ್ವಿಟರಿನಲ್ಲಿ ಹಾಕಿದಾಗ, ಅಲ್ಲಿಯವರೆಗೆ ಯಾವ ಟ್ವೀಟೂ ಅಷ್ಟು ಹಂಚಿಕೆಯಾಗಿರಲಿಲ್ಲ. ಜಗತ್ತೇ ಮೆಚ್ಚಿ ತಲೆದೂಗಿದ ಆ ಅಪ್ಪುಗೆ ಗೆಲುವಿನ ರಾತ್ರಿಯದ್ದಾಗಿರಲಿಲ್ಲ. ಆಗಸ್ಟ್ ತಿಂಗಳಿನಲ್ಲಿ ಅಯೋವಾ ರಾಜ್ಯದ ಪ್ರಚಾರದ ವೇಳೆ ತೆಗೆದ ಚಿತ್ರವನ್ನು ಆ ಹೊತ್ತಿಗೆ ಒದಗಿಸಿಕೊಂಡದ್ದು. ನಿಮ್ಮದು ಕನಿಷ್ಠ ಆ ನಿಮಿಷದ್ದೇ ಆಗಿತ್ತು. ಆದರೂ ಅವರಿಗೆ ಚಪ್ಪಾಳೆ, ನಿಮಗೆ ವಿಷಾದದ ಮಾತು. ವ್ಯತ್ಯಾಸ ದೇಶದ್ದು, ಸಂಸ್ಕೃತಿಯದ್ದು ಎಂದು ನಿಮ್ಮ ಪಕ್ಷದ ಹಿರಿಯರು ಹೇಳಬಹುದು. ಗೆದ್ದವರು ಗಂಡಸೋ ಹೆಂಗಸೋ ಎಂಬುದರಲ್ಲಿ ವ್ಯತ್ಯಾಸವಿದೆ ಎಂದು ನಾನು ಹೇಳುತ್ತೇನೆ. ನಿಮ್ಮ ಪತಿ ಗೆದ್ದು, ಅವರೇ ನಿಮ್ಮನ್ನು ಅಪ್ಪಿಕೊಂಡಿದ್ದರೆ, ಅದೇ ವಿಡಿಯೋಕ್ಕೆ ಅದೇ ಹಾಡು ಸೇರಿಸಿ "ಆದರ್ಶ ದಂಪತಿ" ಎಂದು ಅದೇ ಗುಂಪುಗಳಲ್ಲಿ ಹರಿಯಬಿಡುತ್ತಿದ್ದರು.

ಹೀಗೆಂದು ನಾಯಕರು ವೇದಿಕೆಯ ಮೇಲೆ ಪ್ರೀತಿಯ ಪ್ರದರ್ಶನ ಮಾಡಲಿ ಎಂದು ನಾನು ಬಯಸುವವನಲ್ಲ. ಹೇಳಿಸಿಕೊಂಡು ತೋರಿಸುವ ಪ್ರೀತಿಯ ಬಗ್ಗೆ ನನಗೆ ಮೊದಲಿನಿಂದಲೂ ಸಂಶಯವಿದೆ, ಈ ಅಂಕಣದ ಹಳೆಯ ಓದುಗರಿಗೆ ಅದು ಗೊತ್ತು. 2000ನೆಯ ಇಸವಿಯ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸಿನ ಪಕ್ಷದ ಸಮಾವೇಶದಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿ ಅಲ್ ಗೋರ್ ತಮ್ಮ ಹೆಂಡತಿ ಟಿಪ್ಪರ್ ಅವರಿಗೆ ತುಂಬಿದ ಸಭೆಯೆದುರು ದೀರ್ಘ ಚುಂಬನ ಕೊಟ್ಟರು. ಪತ್ರಿಕೆಗಳು ದಿನಗಟ್ಟಲೆ ಅದನ್ನೇ ಬರೆದವು. ಹತ್ತು ವರ್ಷದ ಬಳಿಕ, 2010ರಲ್ಲಿ, ನಲವತ್ತು ವರ್ಷದ ದಾಂಪತ್ಯ ಮುಗಿಸಿ ಇಬ್ಬರೂ ಬೇರೆಯಾದರು. ಅತ್ತ 2025ರ ಮೇ ತಿಂಗಳಲ್ಲಿ ಹನೋಯ್ ವಿಮಾನನಿಲ್ದಾಣದಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಅವರ ಮುಖವನ್ನು ವಿಮಾನದ ಬಾಗಿಲಲ್ಲೇ ಪತ್ನಿ ಕೈಯಿಂದ ತಳ್ಳಿದ್ದು ಕ್ಯಾಮೆರಾಕ್ಕೆ ಸಿಕ್ಕಿ, ಆ ದಾಂಪತ್ಯ ಇನ್ನೇನು ಮುಗಿಯಿತೆಂದು ಊರೆಲ್ಲ ಷರಾ ಬರೆಯಿತು. ಅಪ್ಪಿಕೊಂಡ ಚಿತ್ರದಿಂದಾಗಲಿ, ತಳ್ಳಿದ ಚಿತ್ರದಿಂದಾಗಲಿ ಆ ಮನೆಗಳ ಒಳಗಿನದು ಹೊರಗಿನವರಿಗೆ ತಿಳಿಯಲಿಲ್ಲ. ಹಾಗೆಯೇ ನಿಮ್ಮ ಏಳೆಂಟು ಸೆಕೆಂಡಿನ ವಿಡಿಯೋ ನೋಡಿ ನಿಮ್ಮ ಯೋಗ್ಯತೆಯನ್ನು ಅಳೆಯಲು ಹೊರಟವರಿಗೂ ಏನೂ ತಿಳಿದಿಲ್ಲ.

ದೂರದ ಕತೆ ಬೇಡವೆನ್ನುವವರಿಗೆ ನಮ್ಮದೇ ರಾಜ್ಯದ ಕತೆಯಿದೆ. ನೀಲೇಶ್ವರದಿಂದ ಆರಿಸಿ ಬಂದ ಕಮ್ಯುನಿಸ್ಟ್ ನಾಯಕ ಇ.ಎಂ.ಎಸ್. ನಂಬೂದಿರಿಪಾಡ್ ಅವರು 1957ರಲ್ಲಿ ರಚಿಸಿದ ಕೇರಳದ ಮೊದಲ ಮಂತ್ರಿಮಂಡಲದಲ್ಲಿ ಕೆ.ಆರ್. ಗೌರಿಯಮ್ಮನವರೂ ಟಿ.ವಿ. ಥಾಮಸ್ ಅವರೂ ಮಂತ್ರಿಗಳಾಗಿದ್ದರು, ಆ ವರ್ಷವೇ ಮದುವೆಯಾದರು. 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಒಡೆದಾಗ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ. 1967ರಲ್ಲಿ ಇಬ್ಬರೂ ಮತ್ತೆ ಒಂದೇ ಸರಕಾರದಲ್ಲಿ ಮಂತ್ರಿಗಳಾಗಿ ಅಕ್ಕಪಕ್ಕದ ಬಂಗಲೆಗಳಲ್ಲಿದ್ದರು. ಮದುವೆ ಉಳಿಯಲಿಲ್ಲ. ಕಂದಾಯ ಮಂತ್ರಿಯಾಗಿ ಭೂಸುಧಾರಣೆಯ ಮೊದಲ ಮಸೂದೆಯನ್ನು ಮಂಡಿಸಿದ ಹೆಂಗಸು ಅವರು. ಕಾಸರಗೋಡಿನಲ್ಲಿ ಗೇಣಿ ಒಕ್ಕಲಾಗಿದ್ದ ಎಷ್ಟೋ ಮನೆಗಳವರು ಮುಂದೆ ತಾವು ದುಡಿದ ತೋಟಕ್ಕೆ ತಾವೇ ಹಕ್ಕುದಾರರಾದದ್ದು ಅಲ್ಲಿಂದ ಆರಂಭವಾದ ದಾರಿಯಲ್ಲಿ. ಇಂದಿಗೂ ಗೌರಿಯಮ್ಮ ಎಂದರೆ ಜನ ಆ ಎರಡು ಬಂಗಲೆಗಳ ಕತೆಯನ್ನು ಚಪ್ಪರಿಸಿ ಹೇಳುತ್ತಾರೆ, ಮಸೂದೆಯ ಮಾತು ಆಮೇಲೆ. ಥಾಮಸ್ ಅವರನ್ನು ಯಾರಾದರೂ ಮೊದಲು ಗಂಡನೆಂದು ನೆನೆದು, ಆಮೇಲೆ ಮಂತ್ರಿಯೆಂದು ನೆನೆದದ್ದನ್ನು ನಾನು ಕೇಳಿಲ್ಲ.

ನಿಮ್ಮ ಪಕ್ಷದ ಹಿರಿಯರಿಗೆ ಒಂದೇ ಒಂದು ಮಾತು. ಪಾಕಿಸ್ತಾನದ ಪ್ರಶ್ನೆಯ ಕುರಿತು 1940ರ ದಶಕದ ಆರಂಭದಲ್ಲಿ ಪ್ರಕಟಿಸಿದ, ಅಪ್ಪಟ ರಾಜಕೀಯದ ಗ್ರಂಥವನ್ನು ಡಾ. ಅಂಬೇಡ್ಕರ್ ಅವರು ಕೆಲವು ವರ್ಷಗಳ ಹಿಂದೆ ತೀರಿಕೊಂಡಿದ್ದ ಪತ್ನಿ ರಮಾಬಾಯಿಯವರಿಗೆ ಅರ್ಪಿಸಿದ್ದಾರೆ. ಆಕೆಯ ಒಳ್ಳೆಯತನವನ್ನೂ ಕಷ್ಟಕಾಲದಲ್ಲಿ ಜೊತೆ ನಿಂತ ಧೈರ್ಯವನ್ನೂ ಅಚ್ಚಿನಲ್ಲಿ, ಮನೆಯಲ್ಲಿ ಕರೆಯುವ ಹೆಸರಿನಲ್ಲೇ ನೆನೆದಿದ್ದಾರೆ. ಮನೆಯ ಪ್ರೀತಿಯನ್ನು ಮನೆಯಲ್ಲೇ ಇಟ್ಟು ಬರಬೇಕೆಂಬ ನಿಯಮ ಅವರಿಗೆ ಇರಲಿಲ್ಲ.

ಇನ್ನು ನಿಮ್ಮ ಬಾವನವರ ವಿಷಯ. ಅವರ ಬಗ್ಗೆ ನೀವು ಬಹಳ ಗೌರವದಿಂದ ಬರೆದಿದ್ದೀರಿ, ನನಗೆ ಆ ಗೌರವ ಸಾಧ್ಯವಿಲ್ಲ. ಹಿಂದಿನ ಅವಧಿಯಲ್ಲಿ ಅದೇ ವಾರ್ಡಿನ ಮೆಂಬರ್ ಅವರು. ಕೇರಳದಲ್ಲಿ 2010ರ ಚುನಾವಣೆಯಿಂದ ಪಂಚಾಯತ್ ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು, ಸರದಿ ತಿರುಗುತ್ತಲೇ ಇರುತ್ತದೆ. ಈ ಬಾರಿ ನಿಮ್ಮ ವಾರ್ಡು ಮಹಿಳೆಯರ ಪಾಲಿಗೆ ಬಂತು. ತನ್ನ ಹೆಂಡತಿಯನ್ನು ನಿಲ್ಲಿಸಿ ತಾನೇ ಆಡಳಿತ ನಡೆಸಬಹುದೆಂದು ಅವರು ಲೆಕ್ಕ ಹಾಕಿದ್ದರು, ಪಕ್ಷ ನಿಮ್ಮನ್ನು ಆರಿಸಿತು. ಎಣಿಕೆಯ ದಿನ ಆ ವಿಡಿಯೋವನ್ನು ಮನೆಯವರ ವಾಟ್ಸಾಪ್ ಗುಂಪಿಗೆ "ನಮ್ಮ ಮನೆತನದ ಮಾನ" ಎಂಬ ತಲೆಬರಹ ಕೊಟ್ಟು, ಕೈಮುಗಿದ ಚಿಹ್ನೆ ಸೇರಿಸಿ ಹಾಕಿದವರು ಅವರೇ ಎಂದು ನೀವು ಬರೆದಿದ್ದೀರಿ, ಬರೆದು ಮುಂದಕ್ಕೆ ಹೋಗಿದ್ದೀರಿ. ಮನೆತನದ ಮಾನದ ಚಿಂತೆಯಿದ್ದವರು ವಿಡಿಯೋವನ್ನು ಅಳಿಸುತ್ತಾರೆ, ಹಂಚುವುದಿಲ್ಲ. ನೀವು ಪಂಚಾಯತಿನಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡ ವಿಡಿಯೋ ಅದೇ ಗುಂಪಿಗೆ ಬಂದಾಗ ಒಬ್ಬರೂ ಒಂದು ಮಾತು ಬರೆಯಲಿಲ್ಲವಂತೆ. 2021ರಲ್ಲಿ ಮಂಜೇಶ್ವರದ ಶಾಸಕರು ತಿರುವನಂತಪುರದ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದನ್ನು ಊರಿಡೀ ಹಂಚಿಕೊಂಡ ಜನ ನಾವು. ಮನೆಯ ಹೆಂಗಸು ಅದನ್ನೇ ಮಾಡಿದಾಗ ಸುಮ್ಮನಿದ್ದೇವೆ. ಕುಟುಂಬದ ವಾಟ್ಸಾಪ್ ಗುಂಪು ಇರಬೇಕಾದದ್ದು ಮದುವೆ, ತಿಥಿ, ಆಸ್ಪತ್ರೆಯ ಸುದ್ದಿಗೆ ಮಾತ್ರ ಎಂದು ನಾನು ಇಲ್ಲಿ ಎಷ್ಟು ಸಲ ಬರೆದಿದ್ದೇನೋ. ನೀವು ಆ ಗುಂಪಿನಿಂದ ಇವತ್ತೇ ಹೊರಗೆ ಬನ್ನಿ.

ಯಾರಾದರೂ ದೂರು ಕೊಟ್ಟರೆ ಕೇಸಾಗಬಹುದು ಎಂದು ಬಾವನವರು ಹೆದರಿಸಿದ್ದಕ್ಕೂ ಉತ್ತರ ಹೇಳಿಬಿಡುತ್ತೇನೆ. ಹಿಂದೆ ದಂಡ ಸಂಹಿತೆಯ 294ನೆಯ, ಈಗ ಭಾರತೀಯ ನ್ಯಾಯ ಸಂಹಿತೆಯ 296ನೆಯ ಕಲಮು ಹೇಳುವುದು ಅಶ್ಲೀಲ ಕೃತ್ಯದ ಬಗ್ಗೆ. ದೆಹಲಿಯ ಮೆಟ್ರೋ ನಿಲ್ದಾಣದ ಬಳಿ ಮುತ್ತಿಟ್ಟುಕೊಂಡರೆಂದು ವಿವಾಹಿತ ಜೋಡಿಯೊಂದರ ಮೇಲೆ ಇದೇ ಕಲಮಿನಡಿ ಹೂಡಿದ್ದ ಪ್ರಕರಣವನ್ನು ಅಲ್ಲಿನ ಹೈಕೋರ್ಟು 2009ರಲ್ಲೇ ರದ್ದುಪಡಿಸಿದೆ. ಹಣೆಗಿಟ್ಟ ಮುತ್ತಿಗೆ ಯಾವ ಠಾಣೆಯವರೂ ಪುಸ್ತಕ ತೆರೆಯುವುದಿಲ್ಲ.

ಅತ್ತೆಯ ಮೇಲೆ ಮಾತ್ರ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು, ಹಿರಿಯರೆದುರು ಅವನಿಗೆ ಊಟ ಬಡಿಸುವಾಗಲೂ ತಲೆಯೆತ್ತಬಾರದು ಎಂಬ ಕಾಲದಲ್ಲಿ ಬಾಳಿದ ಹೆಂಗಸು ಅವರು. ಗೆಲುವಿನ ದಿನ ಮನೆಗೆ ಬಂದ ಕಾರ್ಯಕರ್ತರಿಗೆಲ್ಲ ಪಾಯಸ ಮಾಡಿ ಬಡಿಸಿದವರೂ ಅವರೇ. ನಿಮ್ಮ ಜೊತೆ ಮಾತು ಬಿಟ್ಟ ಮೇಲೂ ಒಂದು ಮಧ್ಯಾಹ್ನ ಮೊಮ್ಮಗಳನ್ನು ಹಿಂದಿನ ಜಗಲಿಗೆ ಕರೆದು, ಕನ್ನಡಕ ಹಾಕಿಕೊಂಡು, "ಅದನ್ನು ಇನ್ನೊಮ್ಮೆ ಹಾಕು" ಎಂದು ವಿಡಿಯೋ ನೋಡಿದರೆಂದು ನೀವು ಬೇಸರದಿಂದ ಬರೆದಿದ್ದೀರಿ. ನನಗದು ಬೇಸರದ ಸುದ್ದಿಯಾಗಿ ಕಾಣಲಿಲ್ಲ. ಅವರನ್ನು ಅವರ ಪಾಡಿಗೆ ಬಿಡಿ, ಕ್ಷಮೆ ಕೇಳಿ ಅವರನ್ನು ಪೇಚಿಗೆ ಸಿಲುಕಿಸಬೇಡಿ. ಅಡಿಕೆ ಸುಲಿಯುವ ಹೊತ್ತಿಗೆ ಪಕ್ಕದಲ್ಲಿ ಹೋಗಿ ಕುಳಿತರೆ ಮಾತು ತಾನಾಗಿ ಬರುತ್ತದೆ.

ಕನಿಕರ ನನಗೆ ಸಾಲದೆ ಬರುವುದು ನಿಮ್ಮ ಪತಿಯ ವಿಷಯದಲ್ಲಿ. "ಇವರು ನನಗೆ ಕೆಟ್ಟ ಹೆಸರು ಬರಬಾರದೆಂದು ಹೀಗೆ ಮಾಡುತ್ತಿದ್ದಾರೆ" ಎಂದು ನೀವು ಅವರ ಪರವಾಗಿ ವಾದಿಸಿದ್ದೀರಿ. ಇರಬಹುದು. ಆದರೆ ಚಾ ಅಂಗಡಿಯಲ್ಲಿ ಅವರನ್ನು "ಮೆಂಬರ್ ಗಂಡ" ಎಂದು ಕರೆದದ್ದನ್ನೂ, ಅಂದಿನಿಂದ ಅವರು ಅಲ್ಲಿಗೆ ಹೋಗುವುದನ್ನು ಬಿಟ್ಟದ್ದನ್ನೂ ನೀವೇ ಬರೆದಿದ್ದೀರಲ್ಲ. ಊರಿನಲ್ಲಿ ಎಷ್ಟೋ ಹೆಂಗಸರು "ಮೆಂಬರರ ಹೆಂಡತಿ" ಎಂದು ಕರೆಸಿಕೊಂಡೇ ಐದೈದು ವರ್ಷ ಕಳೆದಿದ್ದಾರೆ, ಯಾರೂ ಚಾ ಕುಡಿಯುವುದನ್ನು ಬಿಟ್ಟಿಲ್ಲ. ನಿಮ್ಮ ಮರ್ಯಾದೆ ಕಾಯುವ ಹೆಸರಿನಲ್ಲಿ ಅವರು ಕಾಯುತ್ತಿರುವುದು ತಮ್ಮ ಮುಜುಗರವನ್ನು, ಅದರ ಬಾಡಿಗೆಯನ್ನು ಮಾತ್ರ ನೀವು ದಿನವೂ ನಡೆದು ಕಟ್ಟುತ್ತಿದ್ದೀರಿ.

ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟೇ. ಸೋಮವಾರ ಬೆಳಿಗ್ಗೆ ಅದೇ ಸ್ಕೂಟರಿನ ಹಿಂದೆ ಕುಳಿತು, ಹಾಲಿನ ಸೊಸೈಟಿಯ ತಿರುವು ಬಂದಾಗ ಇಳಿಯದೆ, ಪಂಚಾಯತ್ ಕಚೇರಿಯ ಗೇಟಿನವರೆಗೆ ಹೋಗಿ ಇಳಿಯಿರಿ. ಅಪ್ಪಿಕೊಳ್ಳುವುದು ಬೇಡ, ಕೈ ಹಿಡಿಯುವುದೂ ಬೇಡ. ಯಾರಾದರೂ ಫೋನ್ ಎತ್ತಿ "ಮೇಡಂ, ಒಂದು ಫೋಟೋ" ಎಂದರೆ ನಿಲ್ಲುವುದಂತೂ ಬೇಡವೇ ಬೇಡ. ಹೆಲ್ಮೆಟ್ ತೆಗೆದು ಅವರ ಕೈಗೆ ಕೊಡಿ, ಸಂಜೆ ಎಷ್ಟು ಗಂಟೆಗೆ ಬರಬೇಕೆಂದು ಎಲ್ಲರಿಗೂ ಕೇಳುವಂತೆ ಹೇಳಿ, ಒಳಗೆ ಹೋಗಿ. ಸಂಜೆಯೂ ಅದೇ ಗೇಟಿನಿಂದ ಹತ್ತಿ ಬನ್ನಿ. ವಾರವಿಡೀ ಹೀಗೆ ಹೋಗಿ ಬಂದ ಮೇಲೆ ಪಕ್ಷದ ಸಭೆಗೆ ಹೋಗಿ, ವಿಷಾದದ ಮಾತಿಗೆಂದು ಮೀಸಲಿಟ್ಟ ಹೊತ್ತಿನಲ್ಲಿ ಪಿಂಚಣಿ ಬಾರದವರ ಪಟ್ಟಿ ಓದಿ ಹೇಳಿ.

ಪತಿ ತಿರುವಿನಲ್ಲೇ ಬ್ರೇಕ್ ಹಾಕಿದರೆ ಇಳಿಯಬೇಡಿ, ಕುಳಿತೇ ಇರಿ. ಅಷ್ಟಕ್ಕೂ ಅವರು ಒಪ್ಪದಿದ್ದರೆ ನನಗೆ ಮತ್ತೊಮ್ಮೆ ಬರೆಯಿರಿ. ಆಗ ಈ ಅಂಕಣದಲ್ಲಿ ಉತ್ತರವನ್ನು ನಿಮ್ಮ ಬದಲು ಅವರಿಗೇ ಬರೆಯುತ್ತೇನೆ.