ವಾಕಿಂಗ್ ಒಂದೇ ಸಾಕಾ?

ಪ್ರಶ್ನೆ: ಅಪ್ಪನಿಗೆ 72 ವರ್ಷ. ದಿನಾ ಒಂದು ಗಂಟೆ ನಡೆಯುತ್ತಾರೆ, ಆದರೂ ಕುರ್ಚಿಯಿಂದ ಏಳಲು ಕೈ ಊರಬೇಕು. ಈ ವಯಸ್ಸಿಗೆ ಇಷ್ಟು ಸಾಕು ಅಂತ ಊಟವನ್ನೂ ಕಡಿಮೆ ಮಾಡಿದ್ದಾರೆ. ಇದು ಸರಿನಾ?

ಉತ್ತರ: ನಡಿಗೆ ಬಿಡಿಸಬೇಡಿ, ಅದು ಹೃದಯಕ್ಕೆ ಒಳ್ಳೆಯದು. ಆದರೆ ಕುರ್ಚಿಯಿಂದ ನಮ್ಮನ್ನು ಎಬ್ಬಿಸುವುದು ತೊಡೆಯ ಸ್ನಾಯು ಅಲ್ವಾ, ಅದರ ಮೇಲೆ ಭಾರ ಬಿದ್ದರೆ ಮಾತ್ರ ಬಲ ಬರುತ್ತದೆ. ಆ ಕುರ್ಚಿಯಲ್ಲೇ ಕೂತು ಏಳುವುದನ್ನು ಎಂಟು ಹತ್ತು ಸಲ ಮಾಡಿಸಿ. ಮೊದಲು ಕೈ ಊರಲಿ, ಆಮೇಲೆ ನಿಧಾನವಾಗಿ ಬಿಡಲಿ. ವಾರಕ್ಕೆ 2 ದಿನವಾದರೂ ಇಂಥ ವ್ಯಾಯಾಮ ಬೇಕು, 65 ದಾಟಿದವರಿಗೆ ಬೀಳದಂತೆ ಸಮತೋಲನದ ಅಭ್ಯಾಸ 3 ದಿನ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಊಟದ ವಿಷಯದಲ್ಲಿ ಮಾತ್ರ ಅಪ್ಪನ ಲೆಕ್ಕ ತಪ್ಪು. ವಯಸ್ಸಾದಂತೆ ಸ್ನಾಯು ಕಟ್ಟಲು ಪ್ರೋಟೀನ್ ಇನ್ನೂ ಜಾಸ್ತಿ ಬೇಕು. ಒಂದು ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ, ಅಂದರೆ 60 ಕಿಲೋ ಇದ್ದರೆ 60ರಿಂದ 72 ಗ್ರಾಂ. ಬೇಳೆಕಾಳು, ಹಾಲು, ಮೊಸರು, ಮೊಟ್ಟೆ, ಮೀನು, ಯಾವುದು ಒಗ್ಗುತ್ತದೋ ಅದನ್ನು ಮೂರು ಹೊತ್ತಿಗೂ ಹಂಚಿ ಕೊಡಿ. ಬರೀ ತಿಂದು ಕೂತರೂ ಆಗಲ್ಲ, ತಿನ್ನದೆ ಸುಮ್ನೆ ಬೆವರು ಸುರಿಸಿದರೂ ಆಗಲ್ಲ. ಕಿಡ್ನಿ ತೊಂದರೆ ಇದ್ದರೆ ಪ್ರೋಟೀನ್ ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಿ.