ಬಯಾಸ್ ಅಪ್‌ಡೇಟ್ ಆದ ಮೇಲೆ ಗ್ರಾಫಿಕ್ಸ್ ಕಾರ್ಡ್ ಕಾಣಿಸುತ್ತಿಲ್ಲ, ಕಾರ್ಡ್ ಹೋಯಿತಾ?

ಹೋಗಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ನೀವು ಬರೆದಿದ್ದರಲ್ಲಿ ಎರಡು ವಿಷಯ ನನ್ನ ಕಣ್ಣಿಗೆ ಬಿತ್ತು. ಬಯಾಸ್ (ಸಿಸ್ಟಮ್ ಆನ್ ಆದಾಗ ಮೊದಲು ಓಡುವ, ಮದರ್‌ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡುವವರೆಗೂ ನಿಮ್ಮ ಆರ್‌ಟಿಎಕ್ಸ್ 3060 ಕಾರ್ಡ್ ಚೆನ್ನಾಗಿಯೇ ಇತ್ತು, ಈಗ ಮದರ್‌ಬೋರ್ಡಿನ ಎಚ್‌ಡಿಎಂಐಗೆ ಹಾಕಿದರೆ ಮಾತ್ರ ಡಿಸ್‌ಪ್ಲೇ ಬರುತ್ತಿದೆ. ಇನ್ನೊಂದು, ಕೊನೆಯಲ್ಲಿ ಸುಮ್ನೆ ಹೇಳಿ ಮುಂದೆ ಹೋಗಿದ್ದೀರಲ್ಲ, ಕಾರ್ಡನ್ನು ಕ್ಯಾಬಿನೆಟ್‌ನ ಗಾಜಿನ ಕಡೆ ಮುಖ ಮಾಡಿ ನಿಲ್ಲಿಸಿದ್ದೇನೆ ಅಂತ. ಅಂದರೆ ಕಾರ್ಡಿಗೂ ಮದರ್‌ಬೋರ್ಡಿನ ಸ್ಲಾಟಿಗೂ ನಡುವೆ ರೈಸರ್ ಕೇಬಲ್, ಅಂದರೆ ಎರಡನ್ನೂ ಜೋಡಿಸುವ ಎಕ್ಸ್‌ಟೆನ್ಷನ್ ಕೇಬಲ್, ಇದೆ. ನನಗೆ ಅನುಮಾನ ಇರುವುದು ಅದರ ಮೇಲೆಯೇ.

ನನಗೂ ಹೀಗೇ ಆಗಿತ್ತು. ಬಿ550 ಬೋರ್ಡ್, ರೈಜನ್ 5 5600 ಪ್ರೊಸೆಸರ್, ಆರ್‌ಎಕ್ಸ್ 6600 ಕಾರ್ಡ್. ಆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲದ್ದರಿಂದ ಅಪ್‌ಡೇಟ್ ಮುಗಿದ ಮೇಲೆ ಪೂರ್ತಿ ಕತ್ತಲು, ಬೋರ್ಡಿನ ಮೂಲೆಯಲ್ಲಿ ವಿಜಿಎ ಅಂತ ಬರೆದಿರುವ ಜಾಗದ ಪಕ್ಕ ಸಣ್ಣ ಬಿಳಿ ದೀಪ ಮಾತ್ರ ಹೊತ್ತಿಕೊಂಡು ಕೂತಿತ್ತು. ಅಂಗಡಿಯಲ್ಲಿ ಕೇಳಿದರೆ ಕಾರ್ಡ್ ಹೋಗಿದೆ, ಹೊಸದು ತಗೊಳ್ಳಿ ಅಂದರು. ಎರಡು ರಾತ್ರಿ ನಿದ್ದೆ ಇಲ್ಲ. ಮೂರನೇ ದಿನ ರೈಸರ್ ಬಿಚ್ಚಿ ಕಾರ್ಡನ್ನು ನೇರವಾಗಿ ಸ್ಲಾಟಿಗೆ ಒತ್ತಿದೆ, ತುದಿಯ ಕ್ಲಿಪ್ ಟಕ್ ಅಂತು, ಸ್ವಿಚ್ ಹಾಕಿದ ತಕ್ಷಣ ಡಿಸ್‌ಪ್ಲೇ ಬಂತು!

ಆಗಿದ್ದು ಇಷ್ಟು. ಬಯಾಸ್ ಅಪ್‌ಡೇಟ್ ಆದಾಗ ನಾವು ಹಿಂದೆ ಮಾಡಿಟ್ಟ ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಅಳಿಸಿಹೋಗಿ ಡೀಫಾಲ್ಟ್‌ಗೆ ಬರುತ್ತವೆ. ನನ್ನ ರೈಸರ್ ಪಿಸಿಐಇ (ಕಾರ್ಡ್ ಮತ್ತು ಬೋರ್ಡ್ ಮಾತಾಡಿಕೊಳ್ಳುವ ಸಂಪರ್ಕ) 3.0 ಕಾಲದ್ದು, ಕಾರ್ಡ್ ಮತ್ತು ಬೋರ್ಡ್ ಎರಡೂ 4.0. ಮೊದಲ ದಿನ ಜೋಡಿಸುವಾಗ ಸ್ಲಾಟ್ ವೇಗವನ್ನು ಜೆನ್ 3ಕ್ಕೆ, ಅಂದರೆ 3.0ರ ವೇಗಕ್ಕೆ, ಇಟ್ಟಿದ್ದೆ, ಆಮೇಲೆ ಅದು ಮರೆತೇಹೋಗಿತ್ತು. ಅಪ್‌ಡೇಟ್ ಅದನ್ನು ಮತ್ತೆ ಆಟೋ ಮಾಡಿತು. ಆಟೋದಲ್ಲಿ ಕಾರ್ಡ್ ಮತ್ತು ಬೋರ್ಡ್ ತಮ್ಮಿಬ್ಬರಿಗೂ ಆಗುವ ಗರಿಷ್ಠ ವೇಗಕ್ಕೆ ಹೋಗಲು ನೋಡುತ್ತವೆ, ಜೆನ್ 4 ಅಂದರೆ ಡೇಟಾ ಹೋಗುವ ಒಂದೊಂದು ಲೇನಿನಲ್ಲೂ (ದಾರಿಯಲ್ಲೂ) ಜೆನ್ 3ರ ಎರಡರಷ್ಟು. ನಡುವೆ ಇರುವ ಹಳೆ ಕೇಬಲ್ಲಿಗೆ ಅಷ್ಟು ತಾಕತ್ತಿಲ್ಲ, ಸಿಗ್ನಲ್ ಕೆಡುತ್ತದೆ, ಕೊನೆಗೆ ಸ್ಲಾಟಿನಲ್ಲಿ ಏನೂ ಇಲ್ಲವೇನೋ ಅನ್ನುವ ಹಾಗೆ ಆಗಿಬಿಡುತ್ತದೆ. ನೀವು ಮೂರು ಸಲ ಡ್ರೈವರ್ ಹಾಕಿದರೂ ಹಾರ್ಡ್‌ವೇರ್ ಸಿಗಲಿಲ್ಲ ಅಂತ ಬಂದಿದ್ದು ಇದಕ್ಕೇ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರೇ ಇಲ್ಲದಿರುವಾಗ ಡ್ರೈವರ್ ಹಾಕಿ ಪ್ರಯೋಜನ ಇಲ್ಲ. ಹಳದಿ ಗುರುತಿನ ಜೊತೆ ಹೆಸರು ಕಾಣಿಸುತ್ತಿದ್ದರೆ ಆ ಮಾತು ಬೇರೆ.

ನಿಮ್ಮದು ಐ5 12400 ಪ್ರೊಸೆಸರ್, ಅದರೊಳಗೆ ಗ್ರಾಫಿಕ್ಸ್ ಇದೆ, ಹಾಗಾಗಿ ನನ್ನಷ್ಟು ಒದ್ದಾಡಬೇಕಿಲ್ಲ. ಆದರೆ ಬಯಾಸ್ ಮುಟ್ಟುವ ಮೊದಲು ಒಂದು ಕೆಲಸ ದಯವಿಟ್ಟು ಮಾಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಸೆಟ್ಟಿಂಗ್ ಬದಲಾದರೆ ಕೆಲವೊಮ್ಮೆ ಅದನ್ನು ಕೇಳುತ್ತದೆ, ಆಗ ಕೈಯಲ್ಲಿ ಇಲ್ಲದಿದ್ದರೆ ಫೈಲ್‌ಗಳೆಲ್ಲ ಒಳಗೇ ಉಳಿಯುತ್ತವೆ. ಆಮೇಲೆ ಬಯಾಸ್‌ಗೆ ಹೋಗಿ, ಅಡ್ವಾನ್ಸ್ಡ್ ಮೆನುವಿನಲ್ಲಿ ಪಿಸಿಐಇ ಸ್ಪೀಡ್ ಅಥವಾ ಲಿಂಕ್ ಸ್ಪೀಡ್ ಅಂತ ಹುಡುಕಿ. ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿರುತ್ತದೆ. ಮೇಲಿನ ಉದ್ದ ಸ್ಲಾಟಿನದನ್ನು ಜೆನ್ 3 ಮಾಡಿ, ಸೇವ್ ಮಾಡಿ, ಪೂರ್ತಿ ಆಫ್ ಮಾಡಿ, ಮಾನಿಟರ್ ಕೇಬಲನ್ನು ಕಾರ್ಡಿಗೆ ಹಾಕಿ ಆನ್ ಮಾಡಿ. ವೇಗ ಕಡಿಮೆ ಆಯ್ತಲ್ಲ ಅಂತ ಬೇಜಾರು ಬೇಡ, 3060ರಲ್ಲಿ ಗೇಮ್ ಆಡುವಾಗ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಅದಕ್ಕೂ ಬರಲಿಲ್ಲ ಅಂದರೆ ರೈಸರ್ ಬಿಚ್ಚಿ ನೇರವಾಗಿ ಹಾಕಿ ನೋಡಿ. ಮೊದಲು ಗೋಡೆಯ ಪ್ಲಗ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಹೋಗಲಿ. ಕಾರ್ಡಿನ ಪವರ್ ಕೇಬಲ್ ತೆಗೆದು ಮತ್ತೆ ಗಟ್ಟಿಯಾಗಿ ಒತ್ತಿ, ಯಾಕೆಂದರೆ ಸ್ಲಾಟ್ ಒಂದೇ ಕೊಡುವುದು 75 ವ್ಯಾಟ್, 3060ಕ್ಕೆ ಬೇಕಾಗುವುದು 170ರವರೆಗೆ. ಫ್ಯಾನ್ ತಿರುಗುತ್ತಿಲ್ಲ ಅಂತ ಬರೆದಿದ್ದೀರಿ, ಅದನ್ನು ನೋಡಿ ಹೆದರಬೇಡಿ. ಈ ಕಾರ್ಡುಗಳಲ್ಲಿ ಜಾಸ್ತಿ ಮಾಡೆಲ್‌ಗಳು ಬಿಸಿಯಾಗುವವರೆಗೂ ಫ್ಯಾನ್ ನಿಲ್ಲಿಸಿಯೇ ಇಟ್ಟಿರುತ್ತವೆ.

ಬಯಾಸ್‌ನಲ್ಲಿ ಸಿಎಸ್‌ಎಂ (ಹಳೆ ಹಾರ್ಡ್‌ವೇರ್‌ಗೆ ಹೊಂದಿಕೊಳ್ಳುವ ಸೆಟ್ಟಿಂಗ್) ಆನ್ ಮಾಡಿ ಅಂತ ಯಾರಾದರೂ ಹೇಳಬಹುದು. ಅದು 2012ರ ಆಸುಪಾಸಿನ, ಅದಕ್ಕಿಂತ ಹಳೆಯ ಕಾರ್ಡುಗಳ ಕಥೆ, ನಿಮಗೆ ಬೇಡ.

ನೇರವಾಗಿ ಹಾಕಿದಾಗ ಬಂದರೆ ತಪ್ಪು ರೈಸರಿನದು, ಜೆನ್ 4 ಅಂತ ಬರೆದಿರುವ ಕೇಬಲ್ ತಗೊಳ್ಳಿ. ಬರದಿದ್ದರೆ ಸಿಎಮ್‌ಒಎಸ್ (ಬಯಾಸ್ ಸೆಟ್ಟಿಂಗ್‌ಗಳು ಉಳಿಯುವ ಮೆಮೊರಿ) ಕ್ಲಿಯರ್ ಮಾಡಿ, ಬೋರ್ಡಿನ ಗುಂಡು ಬ್ಯಾಟರಿ ಐದು ನಿಮಿಷ ತೆಗೆದಿಟ್ಟು ಹಾಕಿದರೂ ಆಯ್ತು. ಕೊನೆಯ ದಾರಿ ಹಳೆ ಬಯಾಸ್‌ಗೆ ಹಿಂತಿರುಗುವುದು, ಅದಕ್ಕೆ ಬೋರ್ಡ್ ಬಿಡುತ್ತದಾ ಅಂತ ಮೊದಲು ನೋಡಿಕೊಳ್ಳಿ, ಯುಪಿಎಸ್ ಇಲ್ಲದೆ ಮಾತ್ರ ಕೈ ಹಾಕಬೇಡಿ, ನಡುವೆ ಕರೆಂಟ್ ಹೋದರೆ ಬೋರ್ಡೇ ಕೈಕೊಡುತ್ತದೆ. ಕಾರ್ಡನ್ನು ಸ್ನೇಹಿತರ ಸಿಸ್ಟಮ್‌ನಲ್ಲಿ ಹಾಕಿ ಅಲ್ಲೂ ಕಾಣಿಸದಿದ್ದರೆ ಆಗ ವಾರಂಟಿ ಬಿಲ್ ಹುಡುಕಿ. ಜೆನ್ 3 ಮಾಡಿ ನೋಡಿದ ಮೇಲೆ ಏನಾಯಿತು ಅಂತ ಇಲ್ಲೇ ಬರೆಯಿರಿ, ರೈಸರ್ ಮೇಲೆ ಏನು ಪ್ರಿಂಟ್ ಆಗಿದೆ ಅನ್ನುವುದನ್ನೂ ಹೇಳಿ, ನೋಡೋಣ.