ಲಂಡನ್‌ನಿಂದ ಒಂದೇ ದಿನದಲ್ಲಿ ಪೆಟ್‌ವರ್ತ್ ಹೌಸ್‌ನ ಟರ್ನರ್ ಚಿತ್ರಗಳನ್ನು ನೋಡಿ ಬರಬಹುದೇ?

ಆರಾಮವಾಗಿ ಬರಬಹುದು. ಪೆಟ್‌ವರ್ತ್ ಹೌಸ್ ವೆಸ್ಟ್ ಸಸೆಕ್ಸ್‌ನಲ್ಲಿರುವ ಹಳೆಯ ಶ್ರೀಮಂತ ಬಂಗಲೆ, ಟರ್ನರ್ ಭೂದೃಶ್ಯಗಳಿಗೆ ಹೆಸರಾದ ಇಂಗ್ಲಿಷ್ ಚಿತ್ರಕಾರ. ವಿಕ್ಟೋರಿಯಾ ನಿಲ್ದಾಣದಿಂದ ಪಲ್‌ಬರೋಗೆ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಪೆಟ್‌ವರ್ತ್ ಊರಿಗೆ ರೈಲಿಲ್ಲ, ಪಲ್‌ಬರೋದಿಂದ 1ನೇ ನಂಬರ್ ಬಸ್ಸಿನಲ್ಲಿ 8 ಕಿ.ಮೀ. ಹೋಗಬೇಕು. ಎಡವಟ್ಟಾಗುವುದು ಇಲ್ಲೇ. ರೈಲಿನ ವೇಳೆಯನ್ನಷ್ಟೇ ನೋಡಿಕೊಂಡು ಹೊರಟರೆ ಬಸ್ಸಿಗೆ ತುಂಬಾ ಹೊತ್ತು ಕಾಯಬೇಕಾದೀತು. ಮೊದಲು ಬಸ್ಸು ನೋಡಿ, ಅದಕ್ಕೆ ಹೊಂದುವ ರೈಲು ಆರಿಸಿ. ಭಾನುವಾರ ಬಸ್ಸು ಕಡಿಮೆ.

ಮನೆಯಲ್ಲಿ ಟರ್ನರ್‌ನ 20 ತೈಲಚಿತ್ರಗಳಿವೆ. ವ್ಯಾನ್ ಡೈಕ್, ರೆನಾಲ್ಡ್ಸ್, ಬ್ಲೇಕ್ ಎಂಬ ಕಲಾವಿದರ ಚಿತ್ರಗಳು ಬೇರೆ. ಎಲ್ಲವನ್ನೂ ಸಾಲಾಗಿ ನೋಡುತ್ತಾ ಹೊರಟರೆ ಮುಖ್ಯವಾದದ್ದು ಎದುರಾಗುವ ಹೊತ್ತಿಗೆ ಕಣ್ಣು ದಣಿದಿರುತ್ತದೆ. ನಾನು ಹೇಳುವುದು, ನೇರವಾಗಿ ಕಾರ್ವ್ಡ್ ರೂಮಿಗೆ, ಅಂದರೆ ಮರದ ಕೆತ್ತನೆಯ ಕೋಣೆಗೆ ಹೋಗಿ. ಅಲ್ಲಿ ಗೋಡೆಯ ಮೇಲುಭಾಗದಲ್ಲಿ ಆಳೆತ್ತರದ ಭಾವಚಿತ್ರಗಳು, ಅವುಗಳ ಸುತ್ತ 1690ರ ದಶಕದಲ್ಲಿ ಗ್ರಿನ್ಲಿಂಗ್ ಗಿಬ್ಬನ್ಸ್ ಲಿಂಡನ್ ಮರದಲ್ಲಿ ಕೆತ್ತಿದ ಹೂಬಳ್ಳಿ, ವಾದ್ಯ, ಹಕ್ಕಿಗಳು. ಬಂದವರೆಲ್ಲ ಅದನ್ನೇ ಕತ್ತೆತ್ತಿ ನೋಡಿ ಮುಂದೆ ಹೋಗಿಬಿಡುತ್ತಾರೆ. ಟರ್ನರ್ ಇರುವುದು ಕೆಳಗೆ: ಅಡ್ಡಗಲದ ನಾಲ್ಕು ಚಿತ್ರಗಳು. ಟರ್ನರ್ ಕಾಲದಲ್ಲಿ ಇದು ಊಟದ ಕೋಣೆ. ಆಗಿನ ಮನೆಯ ಒಡೆಯ 3ನೇ ಅರ್ಲ್ ಆಫ್ ಎಗ್ರೆಮಾಂಟ್ ಇವನ್ನು ಬರೆಸಿದ್ದು ಕೂತು ಉಣ್ಣುವವರ ಕಣ್ಣಿನ ಮಟ್ಟಕ್ಕೆ. ನಿಂತು ನೋಡಿದರೆ ದಿಗಂತ ತೀರಾ ಕೆಳಗಿದ್ದಂತೆ ಕಾಣುತ್ತದೆ. ತುಸು ಬಗ್ಗಿ ನೋಡಿ, ದೃಶ್ಯ ತಾನಾಗಿ ಕೂಡಿಕೊಳ್ಳುತ್ತದೆ. ಎರಡರಲ್ಲಿ ಇದೇ ಪಾರ್ಕಿನ ಕೆರೆಯ ಸೂರ್ಯಾಸ್ತವಿದೆ. ಉಳಿದೆರಡು ಚಿಚೆಸ್ಟರ್ ಕಾಲುವೆ ಮತ್ತು ಬ್ರೈಟನ್ ಕಡಲು. ಕಾಲುವೆಗೂ ಬ್ರೈಟನ್ನಿನ ಚೈನ್ ಪಿಯರ್ ಎಂಬ ಕಡಲಕಟ್ಟೆಗೂ ಅರ್ಲ್ ಹಣ ಹೂಡಿದ್ದ, ಹಾಗಾಗಿ ಊಟಕ್ಕೆ ಕೂತವರಿಗೆ ಆತನ ಆಸ್ತಿಯ ದರ್ಶನವೂ ಆಗುತ್ತಿತ್ತೆನ್ನಿ! ತಿರುಗಿ ಪಶ್ಚಿಮದ ಕಿಟಕಿಯತ್ತ ನೋಡಿದರೆ, ಉದ್ಯಾನ ವಿನ್ಯಾಸಕ ಕೇಪಬಿಲಿಟಿ ಬ್ರೌನ್ ಮಾಡಿಸಿದ ನಿಜವಾದ ಕೆರೆ.

ಬೆಳಕಿಗೆ ಬಣ್ಣ, ಬಟ್ಟೆ ಮಾಸುತ್ತವೆಂದು ಇಂಥ ಮನೆಗಳಲ್ಲಿ ಪರದೆ ಇಳಿಸಿರುತ್ತಾರೆ. ಒಳಗೆ ಬಂದು ಐದು ನಿಮಿಷ ಕಣ್ಣು ಹೊಂದಿಕೊಳ್ಳಲು ಬಿಡಿ. ವಾರ್ನಿಷ್ ಹೊಳೆದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಫ್ಲ್ಯಾಶ್ ಬೇಡ. ಬೆನ್ನಿನ ಬ್ಯಾಗು ಮುಂದಕ್ಕೆ ಹಾಕಿಕೊಳ್ಳಿ. ಕುರ್ಚಿಯ ಮೇಲೆ ಪೈನ್ ಕಾಯಿಯೋ ಒಣಗಿದ ಮುಳ್ಳುಹೂವೋ ಇದ್ದರೆ ಕೂರಬಾರದೆಂದು ಅರ್ಥ. ಮಂಡಿನೋವಿನವರು ಕೋಣೆಯಲ್ಲಿರುವ ಸ್ವಯಂಸೇವಕರನ್ನು ಕೇಳಿದರೆ ಕೂರುವ ಜಾಗ ತೋರಿಸುತ್ತಾರೆ.

ನಂತರ ನಾರ್ತ್ ಗ್ಯಾಲರಿ, ಅಲ್ಲಿ ಮೇಲಿನಿಂದ ಬೆಳಕು ಬೀಳುವುದರಿಂದ ಶಿಲ್ಪಗಳು ಚೆನ್ನಾಗಿ ಕಾಣುತ್ತವೆ. ಎಮರಿ ಮಾಲಿನೋ ಎಂಬಾತ ಮಾಡಿದ 1592ರ ಭೂಗೋಳದ ಗೋಲವನ್ನೂ ಬಿಡಬೇಡಿ. ಹೊರಡುವ ದಿನ ಬೆಳಿಗ್ಗೆ ಈ ಮನೆಯನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್‌ನ ವೆಬ್ ಪುಟದಲ್ಲಿ ಯಾವ ಕೋಣೆ ತೆರೆದಿದೆ ನೋಡಿ. ಕಾರ್ವ್ಡ್ ರೂಮ್ ಮುಚ್ಚಿದ್ದರೆ ಇನ್ನೊಂದು ದಿನ ಹೋಗಿ.